ಸರಾಫ್ ಬಜಾರಿನ ಹಳೇ ನಾಣ್ಯದಂಗಡಿ: ಸರಕು ಬಹುಪಾಲು ಅಸಲಿ, ಚೀಟಿ ನೋಡಿ ರೊಕ್ಕ ಕೊಡಬೇಡಿ

ಕಲಬುರಗಿಯ ಸರಾಫ್ ಬಜಾರಿನಲ್ಲಿ ಬೆಳ್ಳಿ ಅಂಗಡಿಗಳ ಸಾಲಿನೊಳಗಿರುವ ಈ ಹಳೇ ನಾಣ್ಯದಂಗಡಿಗೆ ಐದರಲ್ಲಿ ಮೂರು ನಕ್ಷತ್ರ. ನಿಜಾಮರ ಚಾರ್‌ಮಿನಾರ್ ರೂಪಾಯಿ ಬೇಕಿದ್ದರೆ, ಬಹಮನಿ ತಾಮ್ರದ ಚಿಲ್ಲರೆ ಬೇಕಿದ್ದರೆ ಧೈರ್ಯವಾಗಿ ಹೋಗಿ. ಕೆಂಪು ಶಾಯಿಯಲ್ಲಿ ‘ರೇರ್ ವೆರೈಟಿ’ (ಅಪರೂಪದ ಬಗೆ) ಎಂದು ಬರೆದು ಪ್ಲಾಸ್ಟಿಕ್ ಕವರಿಗೆ ಅಂಟಿಸಿದ ಸರಕಿದೆಯಲ್ಲ, ಅದಕ್ಕೆ ಮಾತ್ರ ಮಾಮೂಲಿ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ. ಈ ಅಂಗಡಿಯಲ್ಲಿ ಪೂರ್ತಿ ನಕಲಿ ನಾಣ್ಯ ಕಡಿಮೆ. ತಪ್ಪಿರುವುದು ನಾಣ್ಯಕ್ಕೆ ಹಚ್ಚಿದ ಹೆಸರು, ಇಸವಿ, ಊರು. ಯಾವ ಸುಲ್ತಾನ, ಯಾವ ಟಂಕಸಾಲೆ, ಯಾವ ವರ್ಷ ಎಂಬುದರ ಮೇಲೆಯೇ ಬೆಲೆ ಹತ್ತು ಪಟ್ಟು ಏರುವ ವ್ಯಾಪಾರದಲ್ಲಿ ಚೀಟಿ ತಪ್ಪಾದರೆ ಅದು ಸಣ್ಣ ತಪ್ಪಲ್ಲ.

ಕೌಂಟರಿನ ವ್ಯವಸ್ಥೆ ಚೆನ್ನಾಗಿದೆ. ಟ್ರೇಗಳನ್ನು ಮುಂದಿಟ್ಟು ಬಿಡುತ್ತಾರೆ, ಕೈಗೆ ಕೊಡುತ್ತಾರೆ, ಲೂಪ್ (ಸಣ್ಣ ಭೂತಗನ್ನಡಿ) ಹಚ್ಚಿ ನೋಡಿದರೆ ಮುಖ ಗಂಟಿಕ್ಕುವುದಿಲ್ಲ. ತೂಕ ಮಾಡಲು ಬಿಡುತ್ತಾರೆ ಎಂಬುದೇ ದೊಡ್ಡ ಗುಣ, ಏಕೆಂದರೆ ಜಾತ್ರೆ, ಉರುಸಿನ ಸಾಲಿನಲ್ಲಿ ಚಾದರ ಹಾಸಿ ಮಾರುವವರು ತಕ್ಕಡಿ ಕಂಡೊಡನೆ ಸರಕು ಸುತ್ತಿಕೊಳ್ಳುತ್ತಾರೆ. ಆದರೆ ಅಂಗಡಿಯವರ ಸ್ವಂತ ತಕ್ಕಡಿ ಸರಾಫರ ದೊಡ್ಡದು, ಫ್ಯಾನಿನ ಕೆಳಗೇ ಇದೆ; ಅದರ ಕೊನೆಯ ಅಂಕಿ ಒಂದು ಕಡೆ ನಿಲ್ಲುವುದಿಲ್ಲ. 0.01 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಒಂದು ಸಣ್ಣ ಅಯಸ್ಕಾಂತ, ಇಷ್ಟನ್ನು ನೀವೇ ಒಯ್ಯಿರಿ. ತಕ್ಕಡಿಯನ್ನು ಮನೆಯಲ್ಲೇ 50 ಅಥವಾ 100 ಗ್ರಾಂ ತೂಕದ ಕಲ್ಲಿನಿಂದ ಸರಿಪಡಿಸಿಕೊಳ್ಳಿ. ಅಂಗಡಿಯಲ್ಲಿ ತೂಗುವಾಗ ಎರಡು ನಿಮಿಷ ಫ್ಯಾನ್ ಬಂದ್ ಮಾಡಿ ಎಂದರೆ ಮಾಡುತ್ತಾರೆ.

ಬಹಮನಿ ಟ್ರೇಯಿಂದಲೇ ಶುರು ಮಾಡೋಣ. ಈ ಊರಿನಲ್ಲಿ, ಆಗಿನ ಅಹಸನಾಬಾದಿನಲ್ಲಿ, ಟಂಕಸಾಲೆ ನಡೆಸಿದ ಮನೆತನದ ನಾಣ್ಯ ಇದು. ಕಲಬುರಗಿಯಲ್ಲಿ ಕೊಳ್ಳುವವರು ಮೊದಲು ಕೈ ಹಾಕುವುದೂ ಇದಕ್ಕೇ. ತಾಮ್ರದ ತುಂಡುಗಳು 2 ಗ್ರಾಂ ಚಿಲ್ಲರೆಯಿಂದ ಹಿಡಿದು 16 ಗ್ರಾಂವರೆಗೂ ಇವೆ. ಬಿಡಿ ತಾಮ್ರಕ್ಕೆ ಕೇಳುವ ಬೆಲೆ ನ್ಯಾಯವಾಗಿದೆ, ಒಟ್ಟಿಗೆ ಹತ್ತು ಕೊಂಡರೆ ಇನ್ನೂ ಇಳಿಸುತ್ತಾರೆ. ಇವುಗಳಲ್ಲಿ ಬಹುಪಾಲು ಅಸಲಿ ಎನ್ನಲು ಕಾರಣವಿದೆ. ಅಂಚು ನೋಡಿ: ಸುತ್ತಿಗೆ ಏಟಿಗೆ ಲೋಹ ಹರಡಿ ಅಲ್ಲಲ್ಲಿ ಸಣ್ಣ ಸೀಳು ಬಿಟ್ಟಿದೆ, ಸೀಳಿನ ಒಳಗೂ ಮೇಲ್ಮೈಯಷ್ಟೇ ಹಳೆಯ ಕಂದು ಕೂತಿದೆ. ಅಕ್ಷರದ ಬುಡ ಚೂಪಾಗಿದೆ. ಅಚ್ಚು ನಾಣ್ಯದ ಬಿಲ್ಲೆಗಿಂತ ದೊಡ್ಡದಾದ್ದರಿಂದ ಬರಹದ ಅರ್ಧ ಭಾಗ ಹೊರಗೇ ಉಳಿದಿದೆ. ಬರಹ ಪೂರ್ತಿ, ನಡುಮಧ್ಯೆ, ಸುತ್ತಲೂ ಸಮನಾದ ಅಂಚು ಇರುವ ಬಹಮನಿ ತಾಮ್ರ ಕಂಡರೆ ಖುಷಿಪಡುವ ಮೊದಲು ಅಂಚಿನ ಸುತ್ತ ಲೂಪ್ ಓಡಿಸಿ. ಎರಕದ ನಾಣ್ಯದಲ್ಲಿ ಎರಡು ಅಚ್ಚು ಕೂಡಿದ ಕಡೆ ಗೆರೆ ಇರುತ್ತದೆ, ಅಥವಾ ಆ ಗೆರೆಯನ್ನು ಅರದಿಂದ ತಿಕ್ಕಿದ ಅಡ್ಡ ಗೀರುಗಳಿರುತ್ತವೆ. ಮೈಮೇಲೆ ಸೂಜಿಮೊನೆಯಷ್ಟು ಗುಂಡಗಿನ ತೂತುಗಳು ಗಾಳಿಗುಳ್ಳೆಯ ಗುರುತು. ಮಣ್ಣಲ್ಲಿ ಕೊರೆದ ತೂತು ಹಾಗಿರುವುದಿಲ್ಲ; ಅದರ ಬಾಯಿ ಒಡಕು, ತಳ ಒರಟು.

ಇನ್ನೊಂದು ಪರೀಕ್ಷೆ ಇದಕ್ಕಿಂತ ಬಲವಾದದ್ದು, ಇದಕ್ಕೆ ಯಾವ ಉಪಕರಣವೂ ಬೇಡ. ಒಂದೇ ‘ವೆರೈಟಿ’ಯ ಎರಡು ಪ್ರತಿ ಟ್ರೇಯಲ್ಲಿದ್ದರೆ ಎರಡನ್ನೂ ಪಕ್ಕಪಕ್ಕ ಇಡಿ. ಒಂದೇ ಅಚ್ಚಿನಿಂದ ಬಂದ ಎರಡು ನಾಣ್ಯದ ಅಕ್ಷರ ಒಂದೇ ಆಗಿರಬಹುದು, ಅದು ಸಹಜ. ಆದರೆ ಬಿಲ್ಲೆಯ ಆಕಾರ, ಅಂಚಿನ ಸೀಳಿನ ಜಾಗ, ಸವೆತದ ಕಲೆ ಇವು ಎರಡರಲ್ಲೂ ಒಂದೇ ಆಗಿರಲು ಸಾಧ್ಯವೇ ಇಲ್ಲ. ಹಾಗೆ ಇದ್ದರೆ ಒಂದು ಇನ್ನೊಂದರ ಎರಕ, ಇಲ್ಲವೇ ಎರಡೂ ಮೂರನೆಯದರ ಎರಕ. ಕೆಂಪು ಚೀಟಿಯ ಟ್ರೇಯಲ್ಲಿ ದೊಡ್ಡ ತಾಮ್ರದ ಒಂದು ಜೋಡಿ ಹೀಗೇ ಇದೆ: ಎರಡಕ್ಕೂ ಎಡಗಡೆ ಒಂದೇ ಜಾಗದಲ್ಲಿ, ಒಂದೇ ಉದ್ದದ ಸೀಳು. ತೋರಿಸಿದರೆ ಅಂಗಡಿಯವರು ವಾದ ಮಾಡದೆ ಎರಡನ್ನೂ ಒಳಗಿಡುತ್ತಾರೆ, ಆದರೆ ವಾರ ಕಳೆದರೆ ಮತ್ತೆ ಟ್ರೇಯಲ್ಲೇ ಕಾಣುತ್ತವೆ. ಒಂದು ನಕ್ಷತ್ರ ಹೋದದ್ದು ಇದಕ್ಕೆ.

ಇನ್ನು ಚೀಟಿಯ ವಿಷಯ. ‘ಮಹಮೂದ್ ಶಾಹ, 1378–97, ಭಾಳ ರೇರ್’ ಎಂದು ಬರೆದ ತಾಮ್ರ ಇಲ್ಲಿ ಹಲವಿವೆ. ಚೀಟಿ ಬರೆದವರು ಹಳೆಯ ಪುಸ್ತಕ ನೋಡಿ ಬರೆದಿದ್ದಾರೆ, ಬೇಕೆಂದೇ ಮೋಸ ಮಾಡಿದ್ದಲ್ಲ. ಬಹಮನಿಗಳ ಐದನೆಯ ಸುಲ್ತಾನನನ್ನು ಇತಿಹಾಸಕಾರ ಫಿರಿಷ್ತಾ ಮಹಮೂದ್ ಎಂದು ಕರೆದ, ನಂತರದವರು ಅದನ್ನೇ ಹಿಡಿದು ನಡೆದರು. ಆದರೆ ಆ ಕಾಲದ ನಾಣ್ಯ ಮತ್ತು ಶಾಸನ ಎರಡೂ ಅವನ ಹೆಸರು ಮುಹಮ್ಮದ್ ಎಂದೇ ಹೇಳುತ್ತವೆ. ಇಂದು ಅವನನ್ನು ಎರಡನೆಯ ಮುಹಮ್ಮದ್ ಎಂದು ಲೆಕ್ಕ ಹಾಕುತ್ತಾರೆ. ನಾಣ್ಯದ ಮೇಲೆ ಸ್ಪಷ್ಟವಾಗಿ ಮಹಮೂದ್ ಎಂದಿದ್ದರೆ ಅದು ನೂರು ವರ್ಷ ಈಚಿನ ಮಹಮೂದ್ ಶಾಹನದು (1482–1518). ಅವನು ಮೂವತ್ತಾರು ವರ್ಷ ಗದ್ದುಗೆಯ ಮೇಲಿದ್ದವನು, ಅವನ ತಾಮ್ರ ಅಪರೂಪವಲ್ಲ. ಅರಬ್ಬಿ ಬರಹದಲ್ಲಿ ಎರಡೂ ಹೆಸರು ಮೀಮ್, ಹೇ, ಮೀಮ್ ಎಂದೇ ಶುರುವಾಗುತ್ತವೆ. ಮುಹಮ್ಮದ್‌ನಲ್ಲಿ ಎರಡನೆಯ ಮೀಮ್ ಆದಮೇಲೆ ನೇರ ದಾಲ್. ಮಹಮೂದ್‌ನಲ್ಲಿ ನಡುವೆ ವಾವ್ ಬಂದು, ಅದರ ದುಂಡು ಗಂಟಿನ ಬಾಲ ಗೆರೆಯ ಕೆಳಗೆ ಇಳಿಯುತ್ತದೆ. ಆ ಜಾಗ ಸವೆದಿದ್ದರೆ ಅಥವಾ ಬಿಲ್ಲೆಯಿಂದ ಹೊರಗಿದ್ದರೆ ಹೆಸರು ತೀರ್ಮಾನ ಮಾಡಲು ಬರುವುದಿಲ್ಲ, ಅಷ್ಟೇ. ಅಂಥದಕ್ಕೆ ‘ಬಹಮನಿ ತಾಮ್ರ’ ಎಂಬ ಬೆಲೆ ಕೊಡಿ, ಸುಲ್ತಾನನ ಬೆಲೆ ಕೊಡಬೇಡಿ.

ಟಂಕ ಎಂಬ ಬೆಳ್ಳಿ ನಾಣ್ಯಗಳು ಈ ಅಂಗಡಿಯಲ್ಲಿ ಕೆಲವೇ ಇವೆ. ತೂಕ ಸುಮಾರು 11 ಗ್ರಾಂ ಬರಬೇಕು. ತಾಜುದ್ದೀನ್ ಫಿರೋಜ್ ಶಾಹನ (1397–1422) ಟಂಕದ ಅಂಚಿನ ಬರಹದಲ್ಲಿ ಅಹಸನಾಬಾದ್ ಮತ್ತು ಹಿಜರಿ (ಮುಸ್ಲಿಂ ಪಂಚಾಂಗದ) ವರ್ಷ ಇರುತ್ತದೆ, ‘ಹೊಸ ವರ್ಷ, ಯಾವ ಪಟ್ಟಿಯಲ್ಲೂ ಇಲ್ಲ’ ಎಂಬ ಮಾತು ಹುಟ್ಟುವುದು ಇಲ್ಲೇ. ಮೂರು ಕಡೆ ಎಡವುತ್ತಾರೆ. ಅರಬ್ಬಿ ಏಳು ಮೇಲಕ್ಕೆ ಬಾಯಿ ತೆರೆದ ಕೋನ, ಎಂಟು ಕೆಳಕ್ಕೆ ತೆರೆದ ಕೋನ. ನಾಣ್ಯ ತಲೆಕೆಳಗಾಗಿ ಹಿಡಿದರೆ ಒಂದು ಇನ್ನೊಂದಾಗುತ್ತದೆ. ಎರಡಕ್ಕೂ ಮೂರಕ್ಕೂ ಒಂದು ಹಲ್ಲಿನ ವ್ಯತ್ಯಾಸ ಮಾತ್ರ, ಆ ಹಲ್ಲು ಸವೆದರೆ ಅಥವಾ ಅಚ್ಚಿನ ಬಿರುಕು ಒಂದು ಹಲ್ಲು ಸೇರಿಸಿದರೆ ವರ್ಷವೇ ಬದಲಾಗುತ್ತದೆ. ಇನ್ನು ವರ್ಷವನ್ನು ಅಂಕಿಯಲ್ಲದೆ ಅಕ್ಷರದಲ್ಲಿ ಬರೆದಿದ್ದರೆ ಅರ್ಧ ಪದ ಓದಿ ಊಹಿಸಿರುತ್ತಾರೆ. ಫಿರೋಜನ ಆಳ್ವಿಕೆ ಹಿಜರಿ 800ರಿಂದ 825ರೊಳಗೆ ಬೀಳುತ್ತದೆ. ಅದರ ಹೊರಗಿನ ಯಾವ ವರ್ಷ ಓದಿದರೂ ಮೊದಲು ಓದನ್ನೇ ಅನುಮಾನಿಸಿ, ಆಮೇಲೆ ನಾಣ್ಯವನ್ನು. ಹಾಗೆಯೇ ಫಿರೋಜನ ಹೆಸರಿನ ಜತೆ ಮುಹಮ್ಮದಾಬಾದ್ ಎಂದಿರುವ ಟಂಕ ತೋರಿಸಿದರೆ ಕೈ ಮುಗಿದು ಬನ್ನಿ. ಬೀದರ್ ಆ ಹೆಸರಿನ ರಾಜಧಾನಿಯಾದದ್ದು ಅವನ ತಮ್ಮ ಅಹ್ಮದ್ ಶಾಹ ವಲಿಯ ಕಾಲದಲ್ಲಿ (1422–36).

ಇದೇ ಟ್ರೇಯಲ್ಲಿ ‘ಬಹಮನಿ ಚೌಕ ನಾಣ್ಯ, ಒಂದೇ ಪೀಸ್’ ಎಂದು ಒಂದು ತಾಮ್ರ ಇದೆ. ನಾಣ್ಯ ಚೆಂದ, ಅಸಲಿಯೂ ಹೌದು, ಆದರೆ ಅದು ಮಾಳವಾದ್ದು. ಅಲ್ಲಿನ ರಾಜಧಾನಿ ಮಾಂಡುವಿನ ಸುಲ್ತಾನರು ಚೌಕ ನಾಣ್ಯವನ್ನು ಧಾರಾಳವಾಗಿ ಹೊಡೆಸಿದರು, ವ್ಯಾಪಾರದ ಜತೆ ದಖ್ಖನ್ನಿಗೂ ಬಂದಿರಬಹುದು. ಕಲಬುರಗಿಯಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಕಲಬುರಗಿಯಲ್ಲಿ ಹೊಡೆದದ್ದಾಗುವುದಿಲ್ಲ. ಮಾಳವಾ ತಾಮ್ರದ ಬೆಲೆಗೆ ಕೊಟ್ಟರೆ ತಗೊಳ್ಳಿ.

ಬಹಮನಿ ಚಿನ್ನದ ಟಂಕದ ಬಗ್ಗೆ ಇಲ್ಲಿ ಒಂದು ಕಥೆ ಹೇಳುತ್ತಾರೆ: ಮೊದಲನೆಯ ಮುಹಮ್ಮದ್ ಶಾಹನ ಚಿನ್ನದ ನಾಣ್ಯವನ್ನು ಸರಾಫರು ಕರಗಿಸಿಬಿಟ್ಟರು, ಹಾಗಾಗಿ ಉಳಿದದ್ದು ಕೆಲವೇ. ಕಥೆ ಫಿರಿಷ್ತಾನಲ್ಲಿ ಇದೆ, ನಿಜ. ನಾಣ್ಯ ಯಾಕೆ ವಿರಳ ಎಂದು ಅದರಿಂದ ತಿಳಿಯಬಹುದು. ಕೈಯಲ್ಲಿರುವ ತುಂಡು ಅಸಲಿ ಎಂದು ಅದರಿಂದ ತಿಳಿಯುವುದಿಲ್ಲ. ಚಿನ್ನಕ್ಕೆ ಮೊದಲು ನೀರಿನ ಪರೀಕ್ಷೆ ಆಗಲಿ.

ಆ ಪರೀಕ್ಷೆಯ ಕ್ರಮ ಹೀಗೆ. ಮೊದಲು ನಾಣ್ಯದ ಒಣ ತೂಕ ಬರೆದುಕೊಳ್ಳಿ. ತಕ್ಕಡಿಯ ಮೇಲೆ ನೀರು ತುಂಬಿದ ಸಣ್ಣ ಪ್ಲಾಸ್ಟಿಕ್ ಲೋಟ ಇಟ್ಟು ಸೊನ್ನೆಗೆ ತನ್ನಿ. ನೀರಿಗೆ ಪಾತ್ರೆ ಸೋಪಿನ ಒಂದು ಹನಿ ಬಿಟ್ಟರೆ ಗುಳ್ಳೆ ಅಂಟುವುದಿಲ್ಲ. ತೆಳು ನೈಲಾನ್ ದಾರದ ಕುಣಿಕೆಯಲ್ಲಿ ನಾಣ್ಯ ಸಿಕ್ಕಿಸಿ ಪೂರ್ತಿ ಮುಳುಗಿಸಿ, ಆದರೆ ತಳಕ್ಕೂ ಗೋಡೆಗೂ ತಾಗಬಾರದು. ಆಗ ತಕ್ಕಡಿ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ, ಬಂದ ಉತ್ತರವೇ ಲೋಹದ ಸಾಂದ್ರತೆ. ಬ್ರಿಟಿಷ್ ಕಾಲದ 91.7% ಬೆಳ್ಳಿಯ ರೂಪಾಯಿ 11.66 ಗ್ರಾಂ, ನೀರಲ್ಲಿ 1.13 ತೋರಿಸಬೇಕು, ಸಾಂದ್ರತೆ 10.3. ಚಾರ್‌ಮಿನಾರ್ ರೂಪಾಯಿ 11.18 ಗ್ರಾಂ, ಬೆಳ್ಳಿ 81.8%, ನೀರಲ್ಲಿ 1.10, ಸಾಂದ್ರತೆ 10.2ರ ಹತ್ತಿರ. ತಾಮ್ರ 8.9, ಹಿತ್ತಾಳೆ 8.4ರಿಂದ 8.7, ಕಬ್ಬಿಣ 7.9, ಸತು ಮಿಶ್ರಣ 7ರ ಆಸುಪಾಸು. ಬೆಳ್ಳಿ ಮುಲಾಮಿನ (ಮೇಲೆ ಬೆಳ್ಳಿ ಲೇಪಿಸಿದ) ತಾಮ್ರ ಇಲ್ಲೇ ಸಿಕ್ಕಿಬೀಳುತ್ತದೆ. ಮೇ ತಿಂಗಳ ಕಲಬುರಗಿ ನೀರು 40 ಡಿಗ್ರಿ ಮುಟ್ಟಿದ್ದರೆ ಫಲಿತಾಂಶ ಮುಕ್ಕಾಲು ಪ್ರತಿಶತದಷ್ಟು ಮೇಲೇರಿ ಕಾಣುತ್ತದೆ, 10.3 ಎಂಬುದು 10.4ರ ಹತ್ತಿರ, ಅದಕ್ಕೆ ಗಾಬರಿ ಬೇಡ.

ಈ ಪರೀಕ್ಷೆ ಎಲ್ಲಿ ಕೈ ಕೊಡುತ್ತದೆ ಎಂಬುದನ್ನೂ ತಿಳಿದಿರಬೇಕು. ತಕ್ಕಡಿಯ ತಪ್ಪು 0.01 ಗ್ರಾಂ ಎಂದಿಟ್ಟುಕೊಳ್ಳಿ. ಪೂರ್ತಿ ರೂಪಾಯಿಗೆ ಅದು ಒಂದು ಪ್ರತಿಶತಕ್ಕಿಂತ ಕಡಿಮೆ. 2.79 ಗ್ರಾಂನ ಚಾರ್‌ಮಿನಾರ್ ಪಾವಲಿ (ಕಾಲು ರೂಪಾಯಿ) ನೀರಲ್ಲಿ ತೋರಿಸುವುದೇ 0.27; ಅಲ್ಲಿ 0.01 ತಪ್ಪಾದರೆ ಉತ್ತರ ಮೂರೂವರೆ ಪ್ರತಿಶತಕ್ಕಿಂತ ಹೆಚ್ಚು ಆಚೀಚೆ. ಹಾಗಾಗಿ ಪಾವಲಿ, ಎರಡಾಣೆಗಳಿಗೆ ಈ ಪರೀಕ್ಷೆ ಪ್ರಯೋಜನವಿಲ್ಲ. ಮಣ್ಣು ತಿಂದು ಒಳಗೆ ಟೊಳ್ಳಾದ ತಾಮ್ರಕ್ಕೂ ಉತ್ತರ ಕಡಿಮೆ ಬರುತ್ತದೆ, ಅದು ನಕಲಿ ಎಂದಲ್ಲ. ಎಲ್ಲಕ್ಕಿಂತ ಮುಖ್ಯ: ಅಸಲಿ ಬೆಳ್ಳಿಯಲ್ಲೇ ಹೊಡೆದ ಹೊಸ ನಕಲು, ಅಂಕಿ ತಿದ್ದಿದ ಅಸಲಿ ನಾಣ್ಯ, ಎರಡೂ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಪಕ್ಕದ ಸರಾಫರಲ್ಲಿ ಇರುವ ಎಕ್ಸ್‌ರೇ ಲೋಹ ಪರೀಕ್ಷೆ ಯಂತ್ರ ನೋಡುವುದು ಮೇಲಿನ ಪದರ ಮಾತ್ರ. ಅದೂ ಶತಮಾನಗಳಿಂದ ಮೇಲಿನ ತಾಮ್ರ ಕರಗಿಹೋದ ಹಳೇ ಬೆಳ್ಳಿಯನ್ನು ಇದ್ದುದಕ್ಕಿಂತ ಶುದ್ಧ ಎಂದು ತೋರಿಸುತ್ತದೆ.

ಚಾರ್‌ಮಿನಾರ್ ಟ್ರೇ ಈ ಅಂಗಡಿಯ ಅತ್ಯುತ್ತಮ ಭಾಗ. ಮೂರು ನಕ್ಷತ್ರದಲ್ಲಿ ಎರಡು ಇದಕ್ಕೇ ಸಲ್ಲಬೇಕು. ಯಂತ್ರದಲ್ಲಿ ಹೊಡೆದ ಈ ರೂಪಾಯಿ ಹಿಜರಿ 1321ರಲ್ಲಿ, ನಿಜಾಮ ಮೆಹಬೂಬ್ ಅಲಿ ಖಾನರ ಕಾಲದಲ್ಲಿ ಬಂತು. ಚಾರ್‌ಮಿನಾರಿನ ಚಿತ್ರದ ಬಾಗಿಲಲ್ಲಿ ಮೀಮ್ ಅಕ್ಷರ ಇದ್ದರೆ ಅವರದು, ಐನ್ ಇದ್ದರೆ ಮೀರ್ ಉಸ್ಮಾನ್ ಅಲಿ ಖಾನರದು. ಆಳುವವರು ಬದಲಾದದ್ದು ಹಿಜರಿ 1329ರಲ್ಲಿ, ಅಂದರೆ 1911ರಲ್ಲಿ. ವೆರೈಟಿಯ ಚರ್ಚೆ ಶುರುವಾಗುವುದು ಇಲ್ಲಿಂದ. ಉಸ್ಮಾನ್ ಅಲಿಯವರ ಮೊದಮೊದಲ ನಾಣ್ಯಗಳಲ್ಲಿ ಬಾಗಿಲೊಳಗಿನ ಐನ್ ಮೊಟಕು; ಸ್ವಲ್ಪದರಲ್ಲೇ ಅಚ್ಚು ಬದಲಾಗಿ ಪೂರ್ತಿ ಐನ್ ಬಂತು. ಮೊಟಕು ಐನ್ ಇರುವುದು ನಿಜವಾದ ವೆರೈಟಿ, ಅದಕ್ಕೆ ಹೆಚ್ಚು ಬೆಲೆ ನ್ಯಾಯ. ಆದರೆ ಸವೆದ ಪೂರ್ತಿ ಐನ್ ಕೂಡ ಮೊಟಕಾಗಿ ಕಾಣುತ್ತದೆ. ಬೇರೆ ಮಾಡುವುದು ಸುಲಭ: ಮೊದಲು ವರ್ಷ ನೋಡಿ, ಮೊಟಕು ಐನ್ 1329–30ರ ನಂತರದ ರೂಪಾಯಿಯ ಮೇಲೆ ಹುಡುಕಬೇಡಿ. ಆಮೇಲೆ ಮಿನಾರಿನ ಗ್ಯಾಲರಿಯ ಸಣ್ಣ ಗೆರೆಗಳನ್ನು ನೋಡಿ. ಗೆರೆ ಚೂಪಾಗಿದ್ದು ಐನ್ ಮಾತ್ರ ಗಿಡ್ಡವಿದ್ದರೆ ಅದು ಅಚ್ಚಿನದು. ಗೆರೆಗಳೂ ಅಳಿಸಿದ್ದರೆ ಅದು ಸವೆತ. ಇಲ್ಲಿ ‘ಶಾರ್ಟ್ ಐನ್’ ಚೀಟಿಯ ರೂಪಾಯಿಗಳಲ್ಲಿ ಹೆಚ್ಚಿನವು ಸವೆದವೇ.

ಇನ್ನೊಂದು ಲೆಕ್ಕ ಬಾಯಿಪಾಠ ಇರಲಿ. ಈ ರೂಪಾಯಿಯ ಒಂದು ಬದಿ ಹಿಜರಿ ವರ್ಷ, ಇನ್ನೊಂದು ಬದಿ ಜುಲೂಸ್ ವರ್ಷ, ಅಂದರೆ ಪಟ್ಟಕ್ಕೆ ಬಂದು ಎಷ್ಟನೆಯ ವರ್ಷ ಎಂಬುದು. ಉಸ್ಮಾನ್ ಅಲಿಯವರ ನಾಣ್ಯದಲ್ಲಿ ಹಿಜರಿ ವರ್ಷದಿಂದ 1329 ಕಳೆಯಿರಿ: ಜುಲೂಸ್ ಅಷ್ಟೇ ಇರಬೇಕು ಅಥವಾ ಒಂದು ಹೆಚ್ಚು. 1337ಕ್ಕೆ 8 ಅಥವಾ 9. ಈ ಜೋಡಿ ಕೂಡದಿದ್ದರೆ ಮೂರು ಸಾಧ್ಯತೆ. ಓದು ತಪ್ಪಿದೆ, ಅಂಕಿ ತಿದ್ದಿದ್ದಾರೆ, ಅಥವಾ ಹಳೇ ಅಚ್ಚಿನೊಂದಿಗೆ ಹೊಸ ಅಚ್ಚು ಜೋಡಿಸಿ ಹೊಡೆದಿದ್ದಾರೆ. ಮೂರನೆಯದು ನಿಜಕ್ಕೂ ಬೆಲೆಬಾಳುವ ಸಂಗತಿ. ಆದರೆ ಮೊದಲೆರಡನ್ನು ತಳ್ಳಿಹಾಕದೆ ಮೂರನೆಯದಕ್ಕೆ ಹಾರಬಾರದು. ನಾಣ್ಯದ ಮೇಲೆ ಕಾಣುವ 92 ಎಂಬ ಅಂಕಿಯನ್ನು ವರ್ಷ ಎಂದು ತಿಳಿದು ‘1292ರ ನಾಣ್ಯ’ ಎಂದು ಬರೆದ ಚೀಟಿಯೂ ಇಲ್ಲಿ ಇದೆ. ಅದು ಪ್ರವಾದಿ ಮುಹಮ್ಮದರ ಹೆಸರಿನ ಅರಬ್ಬಿ ಅಕ್ಷರಗಳಿಗೆ ಸಲ್ಲುವ ಸಂಖ್ಯೆಗಳ ಮೊತ್ತ, ನಿಜಾಮರ ಈ ರೂಪಾಯಿಗಳಲ್ಲಿ ಸಾಮಾನ್ಯವಾಗಿ ಇರುವಂಥದ್ದು.

ಬೆಲೆ ಕಟ್ಟಲು ಒಂದು ಆಧಾರ: ಚಾರ್‌ಮಿನಾರ್ ರೂಪಾಯಿಯಲ್ಲಿ ಶುದ್ಧ ಬೆಳ್ಳಿ 9.14 ಗ್ರಾಂ, ಬ್ರಿಟಿಷ್ ರೂಪಾಯಿಯಲ್ಲಿ 10.69 ಗ್ರಾಂ. ನಮ್ಮ ಹಿರಿಯರ ‘ಏಳು ಹಾಲಿಗೆ (ನಿಜಾಮರ ರೂಪಾಯಿ) ಆರು ಕಲ್ದಾರ್ (ಬ್ರಿಟಿಷ್ ರೂಪಾಯಿ)’ ಎಂಬ ಲೆಕ್ಕ ಸರಿಸುಮಾರು ಈ ಬೆಳ್ಳಿಗೇ ಹೊಂದುತ್ತದೆ. ಆ ದಿನದ ಒಂದು ಗ್ರಾಂ ಬೆಳ್ಳಿಯ ದರವನ್ನು 9.14ರಿಂದ ಗುಣಿಸಿ, ಅದರ ಮೇಲೆ ಎಷ್ಟು ಕೇಳುತ್ತಿದ್ದಾರೆ ನೋಡಿ. ಸಾಮಾನ್ಯ ವರ್ಷದ ನಾಣ್ಯಕ್ಕೆ ಇಲ್ಲಿ ಕೇಳುವ ಹೆಚ್ಚುವರಿ ಸಹಿಸುವಂತಿದೆ. ನಿಜಾಮರ ಚಿನ್ನದ ನಾಣ್ಯ ಅಶ್ರಫಿಯೂ ಅದೇ 11.18 ಗ್ರಾಂ, ಆದರೆ 91% ಚಿನ್ನ, ಸಾಂದ್ರತೆ 17.5ರ ಹತ್ತಿರ ಬರಬೇಕು, 10 ಬಂದರೆ ಮುಲಾಮು ಹಾಕಿದ ಬೆಳ್ಳಿ.

ಕಲ್ದಾರ್ ಟ್ರೇಯಲ್ಲಿ ಜಗಳ ಎರಡೇ ನಾಣ್ಯದ ಮೇಲೆ. ಐದನೇ ಜಾರ್ಜ್ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಗಲಾಟೆಯಾದದ್ದು 1911ರ ರೂಪಾಯಿಗೆ. 1912ರಿಂದ ಸೊಂಡಿಲು, ಕಿವಿ ತಿದ್ದಿದರು. ಆದ್ದರಿಂದ 1911 ಎಂದಿದ್ದರೆ ಮಾತ್ರ ಅದು ‘ಪಿಗ್ ರುಪಿ’. ಇಲ್ಲಿ 1913, 1914ರ ಸವೆದ ರೂಪಾಯಿಗೂ ಅದೇ ಚೀಟಿ ಅಂಟಿಸಿದ್ದಾರೆ. ಎರಡನೆಯದು 1939ರ ರೂಪಾಯಿ. ನಿಜಕ್ಕೂ ವಿರಳ, ಅದಕ್ಕೇ 1938ರ ಕೊನೆಯ ಅಂಕಿ ತಿದ್ದಿ ಮಾಡುತ್ತಾರೆ. ಮೂಲ ನಾಣ್ಯ ಅಸಲಿ ಬೆಳ್ಳಿಯಾದ್ದರಿಂದ ತೂಕ, ನೀರು ಎರಡೂ ಸರಿ ಬರುತ್ತವೆ. ಲೂಪಿನಲ್ಲಿ ಅಂಕಿಯ ಸುತ್ತಲಿನ ಮೈ ನೋಡಿ: 9ರ ಸುತ್ತ ಮಾತ್ರ ನುಣುಪು, ಸಣ್ಣ ಗುಂಡಿ, ಬಣ್ಣದ ವ್ಯತ್ಯಾಸ ಇದ್ದರೆ ಕೆತ್ತಿದ್ದಾರೆ. ಬೆಳಕನ್ನು ಪಕ್ಕದಿಂದ ಬಿಟ್ಟಾಗ 9ರ ನೆರಳು ಉಳಿದ ಮೂರು ಅಂಕಿಯಷ್ಟೇ ಎತ್ತರ ಇರಬೇಕು. ಅಂಚಿನ ಮಧ್ಯೆ ತೋಡಿನ ಭದ್ರತಾ ವಿನ್ಯಾಸ 1940ರ ದಶಕದ ಅರ್ಧ ಬೆಳ್ಳಿ ರೂಪಾಯಿಗಳದು. ಅವುಗಳ ಸಾಂದ್ರತೆ 9.5ರ ಸುಮಾರು.

1862ರ ವಿಕ್ಟೋರಿಯಾ ರೂಪಾಯಿಗಳಿಗೆ ಇಲ್ಲಿ ಚುಕ್ಕಿ ಎಣಿಸಿ ಬೆಲೆ ಹೇಳುತ್ತಾರೆ, ಅದು ಸರಿಯಾದ ಪದ್ಧತಿ. 1874ರವರೆಗೂ 1862 ಎಂದೇ ವರ್ಷ ಹಾಕುತ್ತಿದ್ದರು, ಮುಂಬೈ ಟಂಕಸಾಲೆ ಚುಕ್ಕಿಗಳಿಂದ ನಿಜವಾದ ವರ್ಷ ಸೂಚಿಸುತ್ತಿತ್ತು. ಚುಕ್ಕಿಯ ಎಣಿಕೆ ಲೂಪಿನಲ್ಲಿ ನೀವೇ ಮಾಡಿ; ಸವೆದ ಚುಕ್ಕಿಯನ್ನು ಇಲ್ಲಿ ಉದಾರವಾಗಿ ಎಣಿಸುತ್ತಾರೆ. ರೂಪಾಯಿ ಸವೆದು 11.4ಕ್ಕೆ ಇಳಿದಿದ್ದರೆ ಚಿಂತೆಯಿಲ್ಲ, 11.9 ತೂಗಿದರೆ ಚಿಂತೆ ಮಾಡಿ. ಚಲಾವಣೆಯಲ್ಲಿ ನಾಣ್ಯ ತೂಕ ಕಳೆದುಕೊಳ್ಳುತ್ತದೆ, ಗಳಿಸುವುದಿಲ್ಲ.

ಈಸ್ಟ್ ಇಂಡಿಯಾ ಕಂಪನಿ 1818 ಎಂದು ಬರೆದು ರಾಮ, ಲಕ್ಷ್ಮಣ, ಸೀತೆ, ಹನುಮಂತರಿರುವ ‘ಎರಡಾಣೆ’, ‘ಯುಕೆಎಲ್’ ಅಕ್ಷರ ಹಾಕಿದ ‘ಒಂದಾಣೆ’ಗಳನ್ನು ಬಾಗಿಲ ಬಳಿ ಬುಟ್ಟಿಯಲ್ಲಿಟ್ಟಿದ್ದಾರೆ. ಕಂಪನಿ ಇಂಥ ನಾಣ್ಯ ಹೊಡೆದೇ ಇಲ್ಲ. ಪೂಜೆಗೆಂದು ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ಆದರೆ ನಾಣ್ಯದ ಬೆಲೆಗೆ ಅಲ್ಲ. ‘ಶಕ್ತಿಯಿರುವ ನಾಣ್ಯ, ಅಕ್ಕಿಕಾಳು ಎಳೆಯುತ್ತದೆ’ ಎಂದು ಲಕ್ಷ ಕೇಳುವ ದಂಧೆ ನಮ್ಮ ಭಾಗದಲ್ಲೂ ಇದೆ. ಈ ಅಂಗಡಿಯವರು ಆ ಮಾತು ಆಡುವುದಿಲ್ಲ, ಅದನ್ನು ಮೆಚ್ಚಬೇಕು.

ಬೀದರಿನಿಂದ ಬಂದ ಸರಕೆಂದು ಬೇರೆ ಡಬ್ಬಿ ಇದೆ. ಅದರಲ್ಲಿ ‘ಮೊದಲನೆಯ ಅಮೀರ್ ಬರೀದ್’ ಎಂದು ಬರೆದ ತಾಮ್ರಗಳಿಗೆ ದುಬಾರಿ ಬೆಲೆ. ಆ ಹೆಸರಿನವರು ಬರೀದ್ ಶಾಹಿ ಮನೆತನದಲ್ಲಿ ಒಬ್ಬರಿಗಿಂತ ಹೆಚ್ಚು. ಮೊದಲನೆಯವನು (1504–42) ಬಹಮನಿ ಸುಲ್ತಾನರನ್ನು ಹೆಸರಿಗೆ ಕೂರಿಸಿಕೊಂಡು ಆಳಿದವನು. ‘ಶಾಹ’ ಬಿರುದು ಮೊದಲು ತೊಟ್ಟವನು ಅವನ ಮಗ ಅಲಿ ಬರೀದ್. ಆದ್ದರಿಂದ ನಾಣ್ಯದ ಮೇಲೆ ‘ಅಮೀರ್ ಬರೀದ್ ಶಾಹ’ ಎಂದು ಓದಲು ಬಂದರೆ ಅದನ್ನು ಈಚಿನ ಅಮೀರ್ ಬರೀದನಿಗೆ ಕೊಡುವುದೇ ಹೆಚ್ಚು ಸಮಂಜಸ. ಇದಕ್ಕೆ ತಿರುಗಾಮುರುಗಾ ಕಲೀಮುಲ್ಲಾ, ವಲಿಯುಲ್ಲಾ ಎಂಬ ಕೊನೆಯ ಬಹಮನಿಗಳ ಹೆಸರಿನ ತಾಮ್ರ: ಹೆಸರು ಅವರದು, ಅಧಿಕಾರ ಬರೀದನದು. ಇವನ್ನು ಯಾರ ನಾಣ್ಯ ಎನ್ನಬೇಕು ಎಂಬ ವಾದಕ್ಕೆ ಎರಡೂ ಕಡೆ ಬಲವಿದೆ, ಸಂಗ್ರಹಕ್ಕೆ ಇವು ಕುತೂಹಲಕರ, ಬೆಲೆಯೂ ಇಲ್ಲಿ ಕಡಿಮೆ. ಇಡೀ ಅಂಗಡಿಯಲ್ಲಿ ಗಮನ ಬೀಳದೆ ಉಳಿದ ಒಳ್ಳೆಯ ಸರಕು ಎಂದರೆ ಇದೇ.

‘ಕೋಟೆ ಮಣ್ಣಲ್ಲಿ ಸಿಕ್ಕಿದ್ದು ಸರ, ಅದಕ್ಕೇ ಹಿಂಗ ಕಪ್ಪಗ ಅದ’ ಎಂಬ ಮಾತಿಗೆ ಬೀದರ್ ಡಬ್ಬಿಯ ಬೆಳ್ಳಿ ಟಂಕ ಕೊಳ್ಳಬೇಡಿ. ಬಿದ್ರಿ ಕೆಲಸದಲ್ಲಿ ಕೋಟೆ ಮಣ್ಣಿಗೆ ನವಸಾಗರ ಸೇರಿಸಿ ಕಾಯಿಸಿ ಬಳಿದಾಗ ಕಪ್ಪಾಗುವುದು ಸತುವಿನ ಮಿಶ್ರಲೋಹ, ಅದರೊಳಗಿನ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಅದನ್ನು ಔಷಧ ಹಚ್ಚಿ ಒಂದು ತಾಸಿನಲ್ಲಿ ಮಾಡಬಹುದು. ಮಾಡಿದ ಕಪ್ಪು ತಗ್ಗಿನಲ್ಲೂ ಉಬ್ಬಿನಲ್ಲೂ ಒಂದೇ ಸಮ. ತಾಮ್ರದ ಹಸಿರನ್ನೂ ಬಳಿಯುತ್ತಾರೆ: ಅಸಿಟೋನ್ ಅದ್ದಿದ ಹತ್ತಿಗೆ ಹಸಿರು ಹತ್ತಿದರೆ ಅದು ಬಣ್ಣ. ಹಳೆಯ ಹಸಿರಿನ ಅಡಿ ಕೆಂಪು ಪದರ ಇರುತ್ತದೆ. ಉಗುರು ತಾಗಿದರೆ ಉದುರುವ ತಿಳಿಹಸಿರು ಪುಡಿ ಬೇರೆ ಸಂಗತಿ, ಅದು ನಾಣ್ಯ ತಿನ್ನುವ ರೋಗ; ಅಂಥದನ್ನು ಉಳಿದ ತಾಮ್ರದ ಜತೆ ಒಂದೇ ಡಬ್ಬಿಯಲ್ಲಿ ಇಡಬೇಡಿ.

ಇನ್ನೊಂದು ದೂರು. ಅಂಗಡಿಯವರು ಕೇಳದೆಯೇ ತಾಮ್ರವನ್ನು ಹುಣಸೆಹುಳಿಯಲ್ಲಿ ತಿಕ್ಕಿ ಕೊಡುತ್ತಾರೆ. ಹುಳಿ ಹಸಿರನ್ನಷ್ಟೇ ಅಲ್ಲ, ಅದರೊಳಗೆ ಉಳಿದ ಅಕ್ಷರದ ಮೈಯನ್ನೂ ತಿನ್ನುತ್ತದೆ. ವಾವ್ ಇತ್ತೋ ಇಲ್ಲವೋ ಎಂದು ನೋಡಬೇಕಾದ ಜಾಗ ಅಲ್ಲಿಗೆ ಮುಗಿಯಿತು. ‘ಹಂಗೇ ಕೊಡ್ರಿ’ ಎಂದು ಮೊದಲೇ ಹೇಳಿ. ಮಣ್ಣು ತೆಗೆಯಲು ಡಿಸ್ಟಿಲ್ಡ್ ನೀರಲ್ಲಿ ದಿನಗಟ್ಟಲೆ ನೆನೆಸಿ ಮರದ ಕಡ್ಡಿ ಬಳಸಿದರೆ ಸಾಕು.

ಭೀಮಾ ದಂಡೆಯ ಪುರಾತನ ತಾಣ ಸನ್ನತಿಯದೆಂದು ಹೇಳುವ ಸೀಸದ ನಾಣ್ಯಗಳನ್ನು ಪೂರ್ತಿ ಬಿಟ್ಟುಬಿಡಿ. ಸೀಸವನ್ನು ಒಲೆಯ ಮೇಲೆ ಕರಗಿಸಿ ಎರಕ ಹೊಯ್ಯಬಹುದು, ನಕಲಿಗೆ ಇಷ್ಟು ಸುಲಭದ ಲೋಹ ಬೇರೆಯಿಲ್ಲ. ಅದರಲ್ಲೂ ಎರಡು ಹಾಯಿಕಂಬದ ಹಡಗಿರುವ ಶಾತವಾಹನ ನಾಣ್ಯವನ್ನು ‘ಭೀಮಾ ದಂಡೆಯಲ್ಲಿ ಸಿಕ್ಕಿದ್ದು’ ಎಂದು ತೋರಿಸುತ್ತಾರೆ; ಆ ಬಗೆ ಸಿಗುವುದು ಪೂರ್ವ ಕರಾವಳಿಯಲ್ಲಿ. ಒಂದು ವೇಳೆ ಮಾತು ನಿಜವಾಗಿದ್ದರೆ ಇನ್ನೂ ಕಷ್ಟ: ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬುದು ಕಾನೂನು. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ; ಮಾರುವವರಿಗೆ ಪರವಾನಗಿ ಬೇಕು, ದೇಶದಾಚೆ ಕಳಿಸುವಂತಿಲ್ಲ. ಪರವಾನಗಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಸ್ವತಂತ್ರ ಭಾರತದ ‘ಎರರ್’ (ಹೊಡೆಯುವಾಗಲೇ ದೋಷವಾದ) ನಾಣ್ಯಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಟಂಕಸಾಲೆಯ ಗುರುತು ಇಲ್ಲದಿರುವುದು ದೋಷವಲ್ಲ, ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇರುವುದಿಲ್ಲ. ಉಬ್ಬಿದ ಗೆರೆ ಅಚ್ಚಿನ ಬಿರುಕು, ತಗ್ಗಿದ ಗೆರೆ ಗೀರು. ಅಂಚು ತುಂಡಾದ ನಾಣ್ಯದಲ್ಲಿ ತುಂಡಾದ ಕಡೆಗೆ ನೇರ ಎದುರಿನ ಅಂಚೂ ಸಾಮಾನ್ಯವಾಗಿ ಮಸುಕಾಗಿರುತ್ತದೆ, ಇಲ್ಲದಿದ್ದರೆ ಕತ್ತರಿಸಿದ್ದಿರಬಹುದು. ಬೇರೆ ಬಿಲ್ಲೆಯ ಮೇಲೆ ಹೊಡೆದದ್ದು ಎಂದರೆ ತೂಕ ಆ ಬೇರೆ ನಾಣ್ಯದ್ದೇ ಬರಬೇಕು: ಹಳೇ ಸ್ಟೀಲ್ ಒಂದು ರೂಪಾಯಿ 4.85, ಹಳೇ ಎರಡು ರೂಪಾಯಿ 6, ದಪ್ಪ ಐದು ರೂಪಾಯಿ 9 ಗ್ರಾಂ. ಹಳೇ ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಫೋನ್ ಮಾಡಿ ಶುಲ್ಕ ಕೇಳುವವರ ಬಗ್ಗೆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಅಂಗಡಿಯ ‘ಅಸಲಿ ಗ್ಯಾರಂಟಿ’ ಚೀಟಿಯಲ್ಲಿ ಇರುವುದು ‘ಹಳೇ ನಾಣ್ಯ, ಅಸಲಿ’ ಎಂಬ ಎರಡು ಮಾತು ಮಾತ್ರ. ಅದಕ್ಕೆ ಬೆಲೆಯಿಲ್ಲ. ಬಿಲ್ಲಿನ ಮೇಲೆ ಆಳಿದವರ ಹೆಸರು, ಟಂಕಸಾಲೆ, ವರ್ಷ, ಲೋಹ, ತೂಕ, ಯಾವ ವೆರೈಟಿ ಎಂದು ಮಾರಿದರು, ತಪ್ಪೆಂದು ತಿಳಿದರೆ ಎಷ್ಟು ದಿನದೊಳಗೆ ವಾಪಸ್, ಇಷ್ಟನ್ನು ಬರೆಸಿಕೊಳ್ಳಿ. ಕೇಳಿದರೆ ಬರೆದು ಕೊಡುತ್ತಾರೆ. ವೆರೈಟಿಯ ಹೆಸರು ಬರೆಯುವ ಹೊತ್ತಿಗೆ ಅರ್ಧ ಕೆಂಪು ಚೀಟಿಗಳ ಬೆಲೆ ತಾನಾಗಿ ಇಳಿಯುತ್ತದೆ. ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಗ್ರೇಡಿಂಗ್ ಸಂಸ್ಥೆಗಳ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿರುವ ಕೆಲವು ನಾಣ್ಯಗಳೂ ಇಲ್ಲಿವೆ. ಪೆಟ್ಟಿಗೆಗೂ ನಕಲು ಬರುತ್ತದೆ. ನಂಬರನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿ ಫೋಟೋ ಇದ್ದರೆ ಕೈಯಲ್ಲಿರುವ ನಾಣ್ಯದ ಗೀರುಗಳನ್ನು ಅದರೊಂದಿಗೆ ಹೋಲಿಸಿ.

ಯುಪಿಐ ನಡೆಯುತ್ತದೆ. ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತಾರೆ. ಗಾಡಿ ನಿಲ್ಲಿಸಲು ಜಾಗವಿಲ್ಲ, ದೂರ ನಿಲ್ಲಿಸಿ ನಡೆದು ಬನ್ನಿ. ಒಳಗಿನ ಟ್ಯೂಬ್‌ಲೈಟಿನಲ್ಲಿ ಅಂಕಿ ತಿದ್ದಿದ್ದು ಕಾಣುವುದಿಲ್ಲ; ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕೌಂಟರಿನ ಎಡತುದಿಗೆ ಓರೆ ಬಿಸಿಲು ಬೀಳುತ್ತದೆ, ನಾಣ್ಯವನ್ನು ಅಲ್ಲಿಗೆ ತಂದು ನೋಡಿ. ಬರೀದ್ ಡಬ್ಬಿ ಮೇಲೆ ಇಟ್ಟಿರುವುದಿಲ್ಲ, ಕೇಳಿ ತೆಗೆಸಬೇಕು.